ಅಗಸೆ ಎಣ್ಣೆಯ ಅಯೋಡಿನ್ ವ್ಯಾಲ್ಯೂ 168ರ ಮೇಲೆ ಏರುತ್ತಿಲ್ಲ, ಸಹಾಯ ಬೇಕು

ಕಾಯಿಸದ ಹಸಿ ಅಗಸೆ ಎಣ್ಣೆ. (ಅಯೋಡಿನ್ ವ್ಯಾಲ್ಯೂ ಅಂದ್ರೆ 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತೆ ಅನ್ನೋ ಲೆಕ್ಕ.) ವಿಜ್ಸ್ ವಿಧಾನದಲ್ಲಿ (ಅಯೋಡಿನ್ ಮೊನೊಕ್ಲೋರೈಡ್ ದ್ರಾವಣ ಹಾಕಿ, ಉಳಿದದ್ದನ್ನು ಥಯೋಸಲ್ಫೇಟಿನಿಂದ ಅಳೆಯೋದು) ಮೂರು ಸಲ ಮಾಡಿದರೂ 168ರ ಆಸುಪಾಸೇ ಬರ್ತಿದೆ, 180ರ ಹತ್ತಿರ ಇರಬೇಕಿತ್ತು.

ಸ್ಯಾಂಪಲ್ 0.13 ಗ್ರಾಂ, ವಿಜ್ಸ್ ದ್ರಾವಣ 25 ಮಿ.ಲೀ. 0.1 ನಾರ್ಮಲ್ ಥಯೋಸಲ್ಫೇಟಿನಲ್ಲಿ ಬ್ಲಾಂಕ್ (ಎಣ್ಣೆ ಹಾಕದೆ ಮಾಡಿದ್ದು) 48.6 ಮಿ.ಲೀ., ಸ್ಯಾಂಪಲ್ 31.4 ಮಿ.ಲೀ. ಅಂದ್ರೆ ಅಯೋಡಿನ್ ಅರ್ಧಕ್ಕಿಂತ ಹೆಚ್ಚು ಉಳಿದಿದೆ, ಸಾಲದೆ ಹೋಯ್ತು ಅನ್ನೋ ಹಾಗಿಲ್ಲ. ಕತ್ತಲಲ್ಲಿ ಒಂದು ಗಂಟೆ ಇಟ್ಟಾಗ 163 ಬಂದಿತ್ತು, ಎರಡು ಗಂಟೆಗೆ 168. ಸ್ಟಾರ್ಚ್ ಹಾಕಿದ್ದು ತಿಳಿ ಹಳದಿಗೆ ಬಂದ ಮೇಲೆ. ತಳದ ಕಾರ್ಬನ್ ಟೆಟ್ರಾಕ್ಲೋರೈಡ್ ಪದರದ ಗುಲಾಬಿ ಬಣ್ಣ ಪೂರ್ತಿ ಹೋಗೋವರೆಗೂ ಜೋರಾಗಿ ಕುಲುಕಿದ್ದೇವೆ (ಇಲ್ಲೇ ಎಲ್ಲರೂ ಎಡವೋದು).

ಸಪೋನಿಫಿಕೇಶನ್ ವ್ಯಾಲ್ಯೂ (ಒಂದು ಗ್ರಾಂ ಎಣ್ಣೆ ಸಾಬೂನಾಗಲು ಬೇಕಾದ ಕ್ಷಾರದ ಮಿ.ಗ್ರಾಂ ಲೆಕ್ಕ) 191, ಸಾಬೂನಾಗದ ಅಂಶ 1.1%. ಹಾಗಾಗಿ ಮಿನರಲ್ ಆಯಿಲ್ ಬೆರಕೆ ಇಲ್ಲ. ಆದರೆ ಸೋಯಾ ಎಣ್ಣೆ ಬೆರೆಸಿದ್ರೆ ಈ ಎರಡೂ ಅಂಕಿ ಅಲ್ಲಾಡಲ್ಲ, ಅಯೋಡಿನ್ ವ್ಯಾಲ್ಯೂ ಮಾತ್ರ ಇಳಿಯುತ್ತೆ. ಗಾಳಿಗೆ ಆಕ್ಸಿಡೈಸ್ ಆದ ಹಳೇ ಎಣ್ಣೆಯಲ್ಲೂ ಅದು ಇಳಿಯುತ್ತೆ. ತಲೆಕೆಟ್ಟಿರೋದು ಇಲ್ಲೇ.

ಗ್ಯಾಸ್ ಕ್ರೊಮೆಟೊಗ್ರಾಫ್ ಇಲ್ಲ. ಸಾಂದ್ರತೆ, ರಿಫ್ರಾಕ್ಟಿವ್ ಇಂಡೆಕ್ಸ್ (ವಕ್ರೀಭವನ ಸೂಚ್ಯಂಕ), ಪೆರಾಕ್ಸೈಡ್ ವ್ಯಾಲ್ಯೂ (ಆಕ್ಸಿಡೈಸ್ ಆದಾಗ ಹುಟ್ಟುವ ಪೆರಾಕ್ಸೈಡಿನ ಅಳತೆ), ಹೆಕ್ಸಾಬ್ರೋಮೈಡ್ (ಲಿನೋಲೆನಿಕ್ ಆಮ್ಲಕ್ಕೆ ಬ್ರೋಮಿನ್ ಸೇರಿಸಿ ಬರುವ ಗಸಿಯನ್ನು ತೂಗೋ ಪರೀಕ್ಷೆ) ಇವುಗಳಲ್ಲಿ ಯಾವುದನ್ನು ಮಾಡಿದರೆ ಇದು ಸೋಯಾ ಬೆರಕೆಯೋ ಬರೀ ಹಳೇ ಎಣ್ಣೆಯೋ ಅಂತ ಖಚಿತವಾಗಿ ಹೇಳಬಹುದು?