‘ಬಿಟ್ಟು ಬಿಟ್ಟು’ ಬರುವ ಟೀವಿ: ಇದಕ್ಕೆ ಕನ್ನಡದಲ್ಲಿ ಏನೆಂದು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಆಂಟೆನಾ ಹಾಕಿಕೊಂಡು ಟೀವಿ ನೋಡುವ ಮನೆಯಲ್ಲಿ ಚಿತ್ರ ಒಂದು ಹೊತ್ತು ಚೆನ್ನಾಗಿ ಬರುತ್ತೆ, ಇನ್ನೊಂದು ಹೊತ್ತು ಹೋಗುತ್ತೆ. ರಿಪೇರಿಯವರು ಬಂದು ನೋಡುವಾಗ ಸರಿಯಾಗಿಯೇ ಇರುತ್ತೆ. ಇಂಗ್ಲಿಷ್ ಕೈಪಿಡಿಗಳಲ್ಲಿ ಇದಕ್ಕೆ ‘ಇಂಟರ್ಮಿಟೆಂಟ್’ ಅನ್ನುತ್ತಾರೆ. ಕನ್ನಡದಲ್ಲಿ ಬರೆಯುವಾಗ ಏನೆಂದು ಬರೆಯೋಣ?

ಯಾಕೆ ಬೇಕು ಅಂತ ಹೇಳಿಬಿಡುತ್ತೇನೆ. ನಾನು ತುಮಕೂರಿನವನು, ರೇಡಿಯೋ ಟೀವಿ ರಿಪೇರಿ ಮಾಡಿಕೊಂಡು ಬಂದವನು. ನಮ್ಮ ಅಕ್ಕ, ಭಾವ ಈಗ ಅಮೆರಿಕದ ಓಹಾಯೊದಲ್ಲಿ ಮಗಳ ಮನೆಯಲ್ಲಿದ್ದಾರೆ. ಅಲ್ಲಿ ಒಂದು ಆಂಟೆನಾ ಇಟ್ಟರೆ ಸುತ್ತಮುತ್ತಲ ಸ್ಟೇಷನ್‌ಗಳು ಪುಕ್ಕಟೆ ಸಿಗುತ್ತವೆ. ಹಗಲೆಲ್ಲಾ ಮಗಳು ಅಳಿಯ ಕೆಲಸದ ಮೇಲೆ ಇರುತ್ತಾರೆ. ಟೀವಿ ಕೈಕೊಡುವುದು ಆಗಲೇ. ಸಂಜೆ ಅವರು ಬಂದು ಹಾಕಿದರೆ ಎಲ್ಲ ಸರಿ. ‘ಮಾಮ, ಟೀವಿ ಹೋದಾಗ ಅಮ್ಮ ಏನೇನು ಗಮನಿಸಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಿ, ಇಲ್ಲಿಗೆ ಬರೋ ಬೇರೆ ಅಪ್ಪ ಅಮ್ಮಂದಿರಿಗೂ ಆಗುತ್ತೆ’ ಅಂದಳು. ಹಾಳೆ ಬರೆಯಲು ಕೂತೆ. ತಲೆಬರಹದಲ್ಲೇ ನಿಂತುಕೊಂಡಿದ್ದೇನೆ.

‘ಮಧ್ಯಂತರ ದೋಷ’ ಅಂತ ಯಾರಾದರೂ ಹೇಳಬಹುದು. ಅದು ಮಧ್ಯಂತರ ಚುನಾವಣೆ, ಮಧ್ಯಂತರ ಪರಿಹಾರಕ್ಕೆ ಸರಿ. ಅಲ್ಲಿ ಅದರ ಅರ್ಥವೇ ಬೇರೆ. ‘ಮರುಕಳಿಸುವ’ ಅಂದರೆ ವಾಸಿಯಾದದ್ದು ಮತ್ತೆ ಬಂತು ಅಂತ. ‘ಸವಿರಾಮ’ ಅರ್ಥದಲ್ಲಿ ಹತ್ತಿರ ಬರುತ್ತೆ. ಆದರೆ ಮನೆಯಲ್ಲಿ ಕೂತು ಟೀವಿ ನೋಡುವವರ ಬಾಯಲ್ಲಿ ನಾನು ಅದನ್ನು ಕೇಳಿಲ್ಲ. ‘ರಿಸೆಪ್ಷನ್’ಗೆ ಪಠ್ಯಪುಸ್ತಕದ ಕನ್ನಡ ‘ಗ್ರಹಣ’. ‘ಗ್ರಹಣ ದೋಷ’ ಅಂತ ಬರೆದರೆ ಓದಿದವರ ಮನಸ್ಸು ಸೂರ್ಯ ಚಂದ್ರರ ಕಡೆ ಹೋಗುತ್ತೆ, ಇಲ್ಲವೇ ಜಾತಕದ ಕಡೆ.

ಜನ ಆಡುವ ಮಾತು ‘ಬಿಟ್ಟು ಬಿಟ್ಟು’. ಮಳೆ ಬಿಟ್ಟು ಬಿಟ್ಟು ಬರುತ್ತೆ. ಜ್ವರ ಬಿಟ್ಟು ಬಿಟ್ಟು ಬರುತ್ತೆ. ಟೀವಿಯೂ ಹಾಗೇ. ‘ಆಗಾಗ ಹೋಗುತ್ತೆ’ ಅಂದರೆ ಹೋಗೋದು ಮಾತ್ರ ಕಾಣುತ್ತೆ. ‘ಒಮ್ಮೊಮ್ಮೆ ಬರುತ್ತೆ’ ಅಂದರೆ ಬರೋದು ಮಾತ್ರ. ‘ಬಿಟ್ಟು ಬಿಟ್ಟು ಬರುತ್ತೆ’ ಅಂದಾಗ ಹೋಗೋದೂ ಇದೆ, ಬರೋದೂ ಇದೆ, ಇದು ನಡೀತಾನೇ ಇದೆ ಅನ್ನೋದೂ ಇದೆ.

ಇಲ್ಲಿ ಎರಡು ತೊಡಕು. ಮೊದಲನೆಯದು ಬರವಣಿಗೆಯದು. ಎರಡು ಪದ ಕೂಡಿಸಿ ‘ಬಿಟ್ಟುಬಿಟ್ಟು’ ಅಂತ ಬರೆದರೆ ಅರ್ಥ ತಿರುಗಿಬಿಡುತ್ತೆ. ‘ಕೆಲಸ ಬಿಟ್ಟುಬಿಟ್ಟ’ ಅಂದರೆ ಪೂರ್ತಿ ಬಿಟ್ಟ, ಮತ್ತೆ ಹೋಗಲ್ಲ. ನಡುವೆ ಜಾಗ ಬಿಟ್ಟರೆ ಮಾತ್ರ ಹೋಗಿ ಬರುವ ಅರ್ಥ ಉಳಿಯುತ್ತೆ. ಬಾಯಲ್ಲಿ ಹೇಳುವಾಗ ರಾಗದಲ್ಲೇ ವ್ಯತ್ಯಾಸ ಗೊತ್ತಾಗುತ್ತೆ. ಹಾಳೆಯ ಮೇಲೆ ಜಾಗ ಒಂದೇ ಆಧಾರ. ಅಚ್ಚಿನಲ್ಲಿ ಈ ಜಾಗ ಎಷ್ಟು ಸಲ ಮಾಯವಾಗಿರುತ್ತೆ, ನೀವೂ ನೋಡಿರುತ್ತೀರಿ ಅಲ್ವಾ?

ಎರಡನೆಯದು, ಇದನ್ನು ನಾಮಪದ ಮಾಡೋದು ಕಷ್ಟ. ‘ಬಿಟ್ಟು ಬಿಟ್ಟು ಬರುವಿಕೆ’ ಬಹಳ ಭಾರ. ‘ಬಿಡುವು’ ಅಂತ ಇದೆ. ‘ಮಳೆ ಒಂದು ಗಂಟೆ ಬಿಡುವು ಕೊಟ್ಟಿತು’ ಅನ್ನುತ್ತೇವೆ. ಆದರೆ ಅದು ನೆಮ್ಮದಿಯ ಪದ. ಕೆಟ್ಟ ಟೀವಿಗೆ ಹೊಂದಲ್ಲ.

ನನಗೆ ಕಾಣುವ ದಾರಿ ಇದು. ‘ಬಿಡು’ಗೆ ಜೋಡಿ ‘ಹಿಡಿ’. ಜಡಿಮಳೆ ಹಿಡಿಯುತ್ತೆ, ಬಿಡುತ್ತೆ. ದೆವ್ವ ಹಿಡಿಯುತ್ತೆ, ಬಿಡುತ್ತೆ. ರೇಡಿಯೋದಲ್ಲಿ ಸ್ಟೇಷನ್ ‘ಹಿಡಿ’ ಅನ್ನುತ್ತಿದ್ದೆವು. ಆಂಟೆನಾ ಸಿಗ್ನಲ್ ‘ಹಿಡೀತಿಲ್ಲ’ ಅಂತ ಈಗಲೂ ಅನ್ನುತ್ತೇವೆ. ‘ಗ್ರಹಣ’ ಅಂದರೂ ಹಿಡಿಯುವುದೇ. ಹಾಗಾಗಿ ‘ಬಿಟ್ಟು ಬಿಟ್ಟು ಹಿಡಿಯುವ ಆಂಟೆನಾ’ ಅಂತ ತಲೆಬರಹ ಕೊಟ್ಟರೆ ಹೇಗೆ? ನಾಮಪದದ ಗೋಜೇ ಬೇಡ.

ಇಷ್ಟೇ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಅಕ್ಕನ ಜೊತೆ ಫೋನಿನಲ್ಲಿ ಮಾತಾಡಿದಾಗ ಕಿವಿಗೆ ಬಿದ್ದ ಒಂದು ಪ್ರಯೋಗ ಇದೆ. ಅದನ್ನು ನಿಮ್ಮ ಮುಂದೆ ಇಡಬೇಕು.

‘ಏನಾಗುತ್ತೆ ಅಕ್ಕ?’

‘ಚೆನ್ನಾಗೇ ಬತ್ತಿರುತ್ತೆ ಕಣೋ. ಇದ್ದಕ್ಕಿದ್ದಂಗೆ ಮುಖ ಎಲ್ಲಾ ಚೌಕ ಚೌಕ ಒಡೆದೋಗುತ್ತೆ. ಮಾತು ಕಡಿದು ಕಡಿದು ಬರುತ್ತೆ. ಆಮೇಲೆ ಹಂಗೇ ನಿಂತ್ಕೊಂಬಿಡುತ್ತೆ.’

‘ಎಲ್ಲಾ ಚಾನೆಲ್ಲೂನಾ?’

‘ಇಲ್ಲಪ್ಪ, ಎರಡೇ. ಗಾಳಿಗೆ ಜಾಸ್ತಿ.’

‘ಗಾಳಿಗೆ ಜಾಸ್ತಿ.’ ಕೈಪಿಡಿಯ ಅರ್ಧ ಪುಟ ಈ ಎರಡು ಪದದಲ್ಲಿ ಬಂತು. ‘ಗಾಳಿಗೆ’ ಅನ್ನುವಾಗ ಆ ‘ಗೆ’ ಕಾರಣ ಹೇಳುತ್ತಿದೆ. ಬಿಸಿಲಿಗೆ ಬಾಡಿತು, ಚಳಿಗೆ ನಡುಗಿದ ಅನ್ನುವ ಹಾಗೆ. ಹಾಳೆಯನ್ನು ಈ ‘ಗೆ’ ಮೇಲೇ ಕಟ್ಟಬಹುದು ಅನ್ನಿಸಿತು. ಯಾವುದಕ್ಕೆ ಬಿಡುತ್ತೆ ಅನ್ನೋದು ಗೊತ್ತಾದರೆ ಕಾರಣ ಹುಡುಕುವ ಕೆಲಸ ಮುಕ್ಕಾಲು ಮುಗಿದ ಹಾಗೆ.

ಗಾಳಿಗೆ ಬಿಟ್ಟರೆ ಏನೋ ಅಲ್ಲಾಡುತ್ತಿದೆ. ಎಲ್ಲಾ ಚಾನೆಲ್ ಒಟ್ಟಿಗೆ ಬಿಟ್ಟರೆ ಪೈಪಿನ ಕ್ಲಾಂಪು, ಕಡ್ಡಿಗೆ ವೈರು ಸೇರುವ ಸ್ಕ್ರೂ, ಕೇಬಲ್ ಜಾಯಿಂಟು ನೋಡಬೇಕು. ಒಂದೆರಡು ಚಾನೆಲ್ ಮಾತ್ರ ಬಿಟ್ಟರೆ ಆ ಸ್ಟೇಷನ್ನಿನ ದಿಕ್ಕಿನಲ್ಲಿ ಮರ ಇದೆಯಾ ನೋಡಬೇಕು. ಅಕ್ಕನ ಮನೆಯಲ್ಲಿ ಆಗಿದ್ದು ಅದೇ. ಚಳಿಗಾಲದಲ್ಲಿ ಬೋಳಾಗಿದ್ದ ಮೇಪಲ್ ಮರ ಮೇ ತಿಂಗಳಲ್ಲಿ ಎಲೆ ತುಂಬಿಕೊಂಡಿತ್ತು. ಅಲ್ಲಿನ ಹೆಚ್ಚಿನ ಸ್ಟೇಷನ್‌ಗಳು ಯುಎಚ್‌ಎಫ್ ಅನ್ನುವ, ಹೆಚ್ಚು ಕಂಪನದ ಅಲೆಗಳಲ್ಲಿವೆ. ಆ ಅಲೆ ಗಿಡ್ಡ, ಅರ್ಧ ಮೀಟರಿನ ಆಸುಪಾಸು. ಹಸಿ ಎಲೆ ಅದನ್ನು ಹೀರುತ್ತೆ, ಚದುರಿಸುತ್ತೆ. ಗಾಳಿಗೆ ಎಲೆ ಆಡಿದಾಗ ಸಿಗ್ನಲ್ ಕ್ಷಣಕ್ಷಣಕ್ಕೂ ಏರಿಳಿಯುತ್ತೆ. ಮಗಳು ಆಂಟೆನಾವನ್ನು ಮನೆಯ ಇನ್ನೊಂದು ಮೂಲೆಗೆ ಸರಿಸಿದ ಮೇಲೆ ಬಿಡೋದು ಕಡಿಮೆಯಾಗಿದೆ.

ಮಳೆಗೆ ಬಿಟ್ಟರೆ ಇನ್ನೊಂದು ಪ್ರಶ್ನೆ ಕೇಳಬೇಕು. ಮಳೆ ನಿಂತ ಮೇಲೆ ಎಷ್ಟು ಹೊತ್ತಿಗೆ ಹಿಡಿಯುತ್ತೆ? ಹಿಂದೆ ನಾವು ಎಳೆಯುತ್ತಿದ್ದದ್ದು ಚಪ್ಪಟೆ ರಿಬ್ಬನ್ ವೈರು. ನೆಂದ ಕೂಡಲೇ ಚಿತ್ರ ಮಂಕಾಗುತ್ತಿತ್ತು, ಒಣಗಿದ ಮೇಲೆ ತಾನೇ ಸರಿಹೋಗುತ್ತಿತ್ತು. ಈಗಿನದು ದುಂಡು ಕೇಬಲ್. ಮೇಲೆ ನೆಂದರೆ ಏನೂ ಆಗಲ್ಲ. ಆದರೆ ಮೇಲಿನ ಕನೆಕ್ಟರಿನಿಂದ ಒಳಗೆ ನೀರು ಇಳಿದರೆ ದಿನಗಟ್ಟಲೆ ಅಲ್ಲೇ ಕೂತಿರುತ್ತೆ. ಒಳಗಿನ ಜಾಲರಿ ತಾಮ್ರದ್ದಾದರೆ ಅದಕ್ಕೆ ಕಿಲುಬು ಹಿಡಿಯುತ್ತೆ. ಕಬ್ಬಿಣಕ್ಕಾದರೆ ತುಕ್ಕು, ತಾಮ್ರಕ್ಕೆ ಕಿಲುಬು. ಇಂಗ್ಲಿಷ್ ಕೈಪಿಡಿಯಲ್ಲಿ ಎರಡಕ್ಕೂ ಒಂದೇ ‘ಕರೋಷನ್’. ನಮ್ಮಲ್ಲಿ ಎರಡು ಒಳ್ಳೆಯ ಪದ ಇರುವಾಗ ಎರಡನ್ನೂ ಇಟ್ಟುಕೊಳ್ಳೋಣ. ಅಲ್ಯೂಮಿನಿಯಂ ಕಡ್ಡಿಯ ಮೇಲೆ ಬೂದುಬಿಳಿ ಪುಡಿ ಕೂರುತ್ತಲ್ಲ, ಅದಕ್ಕೆ ನಿಮ್ಮ ಕಡೆ ಏನಾದರೂ ಹೆಸರಿದೆಯಾ?

ಬಿಸಿಲಿಗೆ ಬಿಟ್ಟರೆ ಬೂಸ್ಟರ್, ಅಂದರೆ ಸಿಗ್ನಲ್ಲಿನ ಬಲ ಹೆಚ್ಚಿಸುವ ಡಬ್ಬಿಯ ಮೇಲೆ ಅನುಮಾನ. ಅದರೊಳಗೆ ಬೆಸುಗೆಯ ಬಿರುಕು ಬಿಸಿಗೆ ಅಗಲವಾಗುತ್ತೆ. ಮಿಕ್ಸಿಗೆ, ಮೋಟಾರಿಗೆ ಬಿಟ್ಟರೆ ಅವುಗಳ ಕಿಡಿಯಿಂದ ಹುಟ್ಟಿ ಸಿಗ್ನಲ್ಲಿಗೆ ಅಡ್ಡಬರುವ ವಿದ್ಯುತ್ ಗದ್ದಲ (ನಾಯ್ಸ್). ಹಾಳೆಯಲ್ಲಿ ಇವಕ್ಕೆ ಒಂದೊಂದು ಸಾಲು ಸಾಕು.

ಆದರೆ ಈ ‘ಗೆ’ ಹೊತ್ತಿನ ಮಾತಿಗೆ ಹೊಂದಲ್ಲ. ‘ಬೆಳಗಿನ ಜಾವಕ್ಕೆ ಬಿಡುತ್ತೆ’ ಅಂದರೆ ಅದು ಸಮಯ ಆಗುತ್ತೆ, ಕಾರಣ ಆಗಲ್ಲ. ‘ಬೆಳಗಿನ ಜಾವ ಬಿಡುತ್ತೆ’ ಅಂತಲೇ ಬರೆಯಬೇಕು. ಅಲ್ಲಿ ಕಾರಣ ಕಣ್ಣಿಗೂ ಕಾಣಲ್ಲ. ರಾತ್ರಿ ನೆಲವೂ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಇನ್ನೂ ಮೇಲಿನ ಗಾಳಿ ಬೆಚ್ಚಗೆ ಉಳಿದಾಗ, ದೂರದ ಸ್ಟೇಷನ್ನಿನ ಅಲೆ ಕೆಳಕ್ಕೆ ಬಾಗಿ ಬಹಳ ದೂರ ಬರುತ್ತೆ. ಅದೇ ಚಾನೆಲ್ಲಿನ ಮೇಲೆ ಬಿದ್ದು ಹತ್ತಿರದ್ದನ್ನು ಕೆಡಿಸುತ್ತೆ. ಬಿಸಿಲೇರಿದ ಮೇಲೆ ಸರಿಹೋಗುತ್ತೆ. ಸುಮ್ನೆ ಆಂಟೆನಾ ತಿರುಗಿಸಿ ಕೆಡಿಸಿಕೊಳ್ಳಬಾರದು.

ಇನ್ನು ಚಿತ್ರ ಕೆಡುವ ಬಗೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಆಮೇಲೆ ತುಮಕೂರಿನ ಮನೆಗಳ ಮೇಲೂ ಆಂಟೆನಾ ಪೈಪು ಎದ್ದವು. ಬೆಂಗಳೂರು ನಮಗೆ ಸುಮಾರು 70 ಕಿಲೋಮೀಟರ್. ಮೇಲೆ ಒಬ್ಬರು ಪೈಪು ತಿರುಗಿಸೋದು, ಕೆಳಗಿನಿಂದ ‘ಬಂತು, ಬಂತು, ಹೋಯ್ತು, ಸ್ವಲ್ಪ ಹಿಂದಕ್ಕೆ’ ಅಂತ ಕೂಗೋದು ಎಲ್ಲರಿಗೂ ಗೊತ್ತಿರೋದೇ. ಆಗ ಪದಗಳು ತಾವಾಗಿಯೇ ಹುಟ್ಟಿದವು. ಸಿಗ್ನಲ್ ಸಾಲದಿದ್ದರೆ ‘ಚುಕ್ಕಿ ಚುಕ್ಕಿ’, ‘ಇರುವೆ ಓಡಾಡುತ್ತೆ’. ಚಿತ್ರ ಮೇಲಕ್ಕೆ ಜಾರಿದರೆ ‘ಉರುಳುತ್ತೆ’. ಒಬ್ಬರು ಇಬ್ಬರಾಗಿ ಕಂಡರೆ ‘ನೆರಳು ಬೀಳುತ್ತೆ’.

ಈ ‘ನೆರಳು’ ಬಹಳ ಒಳ್ಳೆಯ ಪದ. ಸಿಗ್ನಲ್ ನೇರವಾಗಿಯೂ ಬರುತ್ತೆ, ಬೆಟ್ಟಕ್ಕೆ ಬಡಿದು ಸುತ್ತಿಕೊಂಡೂ ಬರುತ್ತೆ. ಸುತ್ತಿ ಬಂದದ್ದು ತಡವಾಗಿ ಪಕ್ಕದಲ್ಲಿ ಬೀಳುತ್ತೆ. ಲೆಕ್ಕವನ್ನೂ ಹಾಕಬಹುದು. ಅಲೆ ಒಂದು ಮೈಕ್ರೋಸೆಕೆಂಡಿಗೆ 300 ಮೀಟರ್ ಹೋಗುತ್ತೆ. ನಮ್ಮ ಹಳೆಯ ಪದ್ಧತಿಯಲ್ಲಿ ಪರದೆಯ ಮೇಲೆ ಒಂದು ಗೆರೆ ಎಳೆಯಲು 52 ಮೈಕ್ರೋಸೆಕೆಂಡ್. 20 ಇಂಚಿನ ಟೀವಿಯ ಅಗಲ ಸುಮಾರು 40 ಸೆಂಟಿಮೀಟರ್. ನೆರಳು ಮೂರು ಸೆಂಟಿಮೀಟರ್ ಆಚೆ ಬಿದ್ದರೆ ಆ ಸಿಗ್ನಲ್ ಸುಮಾರು 1200 ಮೀಟರ್ ಹೆಚ್ಚು ದಾರಿ ನಡೆದು ಬಂದಿದೆ. ಪರದೆಯ ಮೇಲೆ ಸ್ಕೇಲ್ ಇಟ್ಟು, ಬಡಿದದ್ದು ದೂರದ ಗುಡ್ಡಕ್ಕೋ ಪಕ್ಕದ ಕಟ್ಟಡಕ್ಕೋ ಅಂತ ಅಂದಾಜು ಮಾಡಬಹುದಿತ್ತು.

ಅಮೆರಿಕದ ದೊಡ್ಡ ಸ್ಟೇಷನ್‌ಗಳು ಅನಲಾಗ್, ಅಂದರೆ ಈ ಹಳೆಯ ಬಗೆಯ ಪ್ರಸಾರ ನಿಲ್ಲಿಸಿದ್ದು 2009ರ ಜೂನ್ 12ರಂದು. ನಮ್ಮಲ್ಲೂ ದೂರದರ್ಶನದ ಅನಲಾಗ್ ಪ್ರಸಾರ 2022ರ ಹೊತ್ತಿಗೆ ಹೆಚ್ಚುಕಡಿಮೆ ನಿಂತಿತು. ಡಿಜಿಟಲ್‌ನಲ್ಲಿ ಚುಕ್ಕಿ ಇಲ್ಲ, ನೆರಳಿಲ್ಲ. ಅಮೆರಿಕದ ಪದ್ಧತಿಯಲ್ಲಿ ಸಿಗ್ನಲ್ ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್, ಅಂದರೆ ಸುಮಾರು 30 ಪಟ್ಟು ಜಾಸ್ತಿ ಇರುವವರೆಗೆ ಚಿತ್ರ ನಿರ್ಮಲವಾಗಿರುತ್ತೆ. ಅದಕ್ಕಿಂತ ಚೂರು ಇಳಿದರೆ ಚೌಕ ಚೌಕ. ಅಕ್ಕ ಅಂದದ್ದು ‘ಒಡೆದೋಗುತ್ತೆ’ ಅಂತ. ಈ ಪದ ನನಗೆ ಬಹಳ ಹಿಡಿಸಿತು. ಚಿತ್ರ ಮಾಸೋದು ನಿಧಾನಕ್ಕೆ. ಒಡೆಯೋದು ಹಾಲು ಒಡೆದ ಹಾಗೆ, ಒಂದೇ ಸಲಕ್ಕೆ. ‘ಪಿಕ್ಸೆಲೇಷನ್’ಗೆ ‘ಚೌಕ ಒಡೆಯೋದು’ ಅಂತಲೇ ಇಟ್ಟುಕೊಳ್ಳುತ್ತೇನೆ.

ಆದರೆ ಒಡೆಯುವುದಕ್ಕೆ ಸ್ವಲ್ಪ ಮುಂಚಿನ ಸ್ಥಿತಿ ಇದೆಯಲ್ಲ, ಅದಕ್ಕೆ ಪದ ಸಿಗುತ್ತಿಲ್ಲ. ಚಿತ್ರ ಚೆನ್ನಾಗಿದೆ, ಸಿಗ್ನಲ್ ಮಾತ್ರ ಅಂಚಿಗೆ ಬಂದು ನಿಂತಿದೆ. ಟೀವಿಯ ಮೆನುವಿನಲ್ಲಿ ಸಿಗ್ನಲ್ಲಿನ ಬಲ ತೋರಿಸುವ ಗೆರೆ ತೆಗೆದು ನೋಡಿದರೆ ಮಾತ್ರ ಗೊತ್ತಾಗುತ್ತೆ. ಇದನ್ನು ಹಾಳೆಯಲ್ಲಿ ಹೇಳಲೇಬೇಕು. ಯಾಕೆಂದರೆ ಎಷ್ಟೋ ಜನ ಸಿಗ್ನಲ್ ಬಿಟ್ಟ ಹೊತ್ತಲ್ಲೇ ಚಾನೆಲ್‌ಗಳನ್ನು ಮತ್ತೆ ಹುಡುಕಿಸುತ್ತಾರೆ. ಆಗ ಎಷ್ಟೋ ಟೀವಿಗಳಲ್ಲಿ ಆ ಚಾನೆಲ್ ಪಟ್ಟಿಯಿಂದಲೇ ಅಳಿಸಿಹೋಗುತ್ತೆ. ಆಮೇಲೆ ಸಿಗ್ನಲ್ ಬಂದರೂ ಕಾಣಲ್ಲ. ‘ಅಂಚಿನ ಸಿಗ್ನಲ್’ ಅಂದರೆ ಅರ್ಥ ಆಗುತ್ತಾ? ಇದಕ್ಕಿಂತ ಚೆನ್ನಾಗಿರೋದು ಇದೆಯಾ?

ಕೋಲಾರ, ಚಿಕ್ಕಬಳ್ಳಾಪುರದವರಿಗೆ ಇನ್ನೊಂದು ಪ್ರಶ್ನೆ. ತಮಿಳಿನಲ್ಲಿ ‘ವಿಟ್ಟು ವಿಟ್ಟು’, ತೆಲುಗಿನಲ್ಲಿ ‘ವಿಡಿಚಿ ವಿಡಿಚಿ’ ನಮ್ಮ ‘ಬಿಟ್ಟು ಬಿಟ್ಟು’ ಹಾಗೇ ನಡೆಯುತ್ತವೆ. ಕೆಜಿಎಫ್, ಬಾಗೇಪಲ್ಲಿ ಕಡೆ ಎರಡು ಮೂರು ಭಾಷೆ ಆಡುವ ಮನೆಗಳಲ್ಲಿ ಟೀವಿಯ ವಿಷಯಕ್ಕೆ ಕನ್ನಡದಲ್ಲಿ ಏನು ಹೇಳುತ್ತಿದ್ದಿರಿ? ‘ಗಾಳಿಗೆ ಬಿಡುತ್ತೆ’ ಅನ್ನೋ ತರಹದ ‘ಗೆ’ ನಿಮ್ಮಲ್ಲೂ ಇದೆಯಾ, ಇಲ್ಲ ‘ಗಾಳಿ ಬಂದ್ರೆ’ ಅಂತಲೇ ಹೇಳುತ್ತೀರಾ? ಮಾತಾಡುವ ಹಾಗೇ ಒಂದು ವಾಕ್ಯ ಬರೆದು ಕಳಿಸಿ. ಪದಕ್ಕಿಂತ ವಾಕ್ಯ ನನಗೆ ಹೆಚ್ಚು ಉಪಯೋಗ.