ಎಲ್ಲದಕ್ಕೂ ಟೈಪ್-ಸಿ ಬಂತಲ್ವಾ, ಒಂದೇ ಚಾರ್ಜರ್ ಸಾಕಾ? ಮೊಬೈಲ್–ಲ್ಯಾಪ್‌ಟಾಪ್ ಸರ್ವಿಸ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಗೃಹಿಣಿ, ಶಿವಮೊಗ್ಗ): ನಮಸ್ಕಾರ ಸರ್. ನಮ್ಮ ಯಜಮಾನರ ಫೋನ್‌ಗೆ 67 ವ್ಯಾಟ್ ಚಾರ್ಜರ್ ಇದೆ. ಮಗಳ ಹೊಸ ಫೋನ್ ಬಾಕ್ಸ್‌ನಲ್ಲಿ ಚಾರ್ಜರೇ ಇರಲಿಲ್ಲ, ಬರೀ ಕೇಬಲ್. ಮಗನ ಲ್ಯಾಪ್‌ಟಾಪ್‌ಗೂ ಟೈಪ್-ಸಿ, 65 ವ್ಯಾಟ್. ಅಪ್ಪನ ಚಾರ್ಜರ್‌ಗೆ ಮಗಳ ಫೋನ್ ಹಾಕಿದರೆ ತುಂಬಾ ನಿಧಾನ. ಲ್ಯಾಪ್‌ಟಾಪ್ ಅಂತೂ ಚಾರ್ಜ್ ಆಗೋದೇ ಇಲ್ಲ. ಎಲ್ಲದಕ್ಕೂ ಒಂದೇ ಚಾರ್ಜರ್ ಅಂತ ಪೇಪರ್‌ನಲ್ಲಿ ಬಂದಿದ್ದು ಸುಳ್ಳಾ?

ಉತ್ತರ: ಸುಳ್ಳಲ್ಲ ಮೇಡಂ, ಅರ್ಧ ಕೆಲಸ ಆಗಿದೆ. ಪಿನ್ ಒಂದಾಯಿತು, ಒಳಗಿನ ಮಾತು ಇನ್ನೂ ಒಂದಾಗಿಲ್ಲ. ಕೇಬಲ್ ಚುಚ್ಚಿದ ಕೂಡಲೇ ಫೋನ್ ಮತ್ತು ಚಾರ್ಜರ್ ಮೊದಲು ಮಾತುಕತೆ ಮಾಡುತ್ತವೆ: ನಿನ್ನ ಹತ್ತಿರ ಎಷ್ಟಿದೆ, ನನಗೆ ಎಷ್ಟು ಬೇಕು ಅಂತ. ಎಲ್ಲರಿಗೂ ಸೇರಿದ ಮಾತು ಪಿಡಿ, ಅಂದರೆ ಪವರ್ ಡೆಲಿವರಿ. ಇದರ ಜೊತೆ ಕೆಲವು ಕಂಪನಿಗಳಿಗೆ ತಮ್ಮದೇ ಬೇರೆ ಮಾತಿದೆ. ಇಬ್ಬರಿಗೂ ಒಂದೇ ಮಾತು ಬಾರದಿದ್ದರೆ 5 ವೋಲ್ಟ್‌ಗೆ ಇಳಿದು ಸುಮ್ನೆ ನಿಧಾನಕ್ಕೆ ಚಾರ್ಜ್ ಆಗುತ್ತದೆ. ಮಗಳ ಫೋನ್ ಕತೆ ಬಹುಶಃ ಅದೇ.

ಯಜಮಾನರ ಅಡಾಪ್ಟರ್ ಹಿಂದೆ ಸಣ್ಣ ಅಕ್ಷರದಲ್ಲಿ ಔಟ್‌ಪುಟ್ ಅಂತ ಬರೆದಿರುತ್ತದೆ. ಟಾರ್ಚ್ ಹಾಕಿ, ಫೋಟೋ ತೆಗೆದು, ದೊಡ್ಡದು ಮಾಡಿ ಓದಿ. ಅಲ್ಲಿ 11 ವೋಲ್ಟ್ 6.1 ಆಂಪ್ ಎಂಬಂಥ ಸಾಲು ಇದ್ದರೆ, ಆ 67 ವ್ಯಾಟ್ ಅದೇ ಕಂಪನಿಯ ಫೋನ್‌ಗೆ ಮಾತ್ರ. ಬೇರೆಯವರಿಗೆ ಸಿಗುವುದು ಉಳಿದ ಸಾಲುಗಳಲ್ಲಿ ಇದ್ದಷ್ಟೇ. ಇಂಥ ಎಷ್ಟೋ ಚಾರ್ಜರ್‌ಗಳ ಬಾಯಿ ಇನ್ನೂ ಹಳೆ ಚಪ್ಪಟೆ ಯುಎಸ್‌ಬಿ-ಎ. ಪಿಡಿ ಮಾತುಕತೆ ನಡೆಯುವ ತಂತಿ ಟೈಪ್-ಸಿಯಲ್ಲಿ ಮಾತ್ರ ಇರುವುದು. ಹಾಗಾಗಿ ಲ್ಯಾಪ್‌ಟಾಪ್ ಕೇಳುವ 20 ವೋಲ್ಟ್ ಸಾಮಾನ್ಯವಾಗಿ ಅಲ್ಲಿಂದ ಬರುವುದಿಲ್ಲ.

ಮಗನ ಲ್ಯಾಪ್‌ಟಾಪ್ ಚಾರ್ಜರ್ ನೋಡಿ. ಅದರಲ್ಲಿ 5, 9, 15 ವೋಲ್ಟ್‌ಗೆ 3 ಆಂಪ್, 20 ವೋಲ್ಟ್‌ಗೆ 3.25 ಆಂಪ್ ಅಂತ ಇದ್ದರೆ ಅದು ಪಿಡಿ. ಮಗಳ ಫೋನನ್ನು ಅದಕ್ಕೇ ಹಾಕಿ ನೋಡಿ.

ಪ್ರಶ್ನೆ (ಅದೇ ಮೇಡಂ): ಅಯ್ಯೋ, 65 ವ್ಯಾಟ್ ಹಾಕಿದರೆ ಫೋನ್ ಸುಟ್ಟು ಹೋಗಲ್ವಾ?

ಉತ್ತರ: ಇಲ್ಲ. ಎಷ್ಟು ಬೇಕೋ ಅಷ್ಟನ್ನು ಫೋನ್ ಕೇಳಿ ತೆಗೆದುಕೊಳ್ಳುತ್ತದೆ, ಚಾರ್ಜರ್ ತುರುಕುವುದಿಲ್ಲ. ಚಾರ್ಜರ್ ಒಳ್ಳೆಯದಾಗಿರಬೇಕು, ಅಷ್ಟೇ.

ಪ್ರಶ್ನೆ (ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ): ಅಣ್ಣಾ, ನನ್ನ ನೆಕ್‌ಬ್ಯಾಂಡ್‌ಗೆ ಟೈಪ್-ಸಿ ಹೋಲ್ ಇದೆ. ಹೊಸ ಪಿಡಿ ಚಾರ್ಜರ್‌ಗೆ ಹಾಕಿದರೆ ಲೈಟೇ ಬರಲ್ಲ. ಹಳೆ ಚಾರ್ಜರ್, ಹಳೆ ವಯರ್ ಹಾಕಿದರೆ ಚೆನ್ನಾಗಿ ಹತ್ತುತ್ತೆ. ಹೊಸ ಚಾರ್ಜರ್ ಡಬ್ಬಾ ಅಲ್ವಾ?

ಉತ್ತರ: ಡಬ್ಬಾ ಆಗಿರುವುದು ನೆಕ್‌ಬ್ಯಾಂಡ್ ಕಣಪ್ಪಾ. ಹಳೆ ಯುಎಸ್‌ಬಿ-ಎ ಸಾಕೆಟ್‌ನಲ್ಲಿ 5 ವೋಲ್ಟ್ ಯಾವಾಗಲೂ ನಿಂತಿರುತ್ತದೆ. ಟೈಪ್-ಸಿ ಚಾರ್ಜರ್ ಹಾಗಲ್ಲ. ಆ ಕಡೆ ಚಾರ್ಜ್ ಬೇಕಾದ ಸಾಧನವೇ ಇದೆ ಅಂತ ಖಾತ್ರಿ ಆಗುವವರೆಗೆ ಅದು ಕರೆಂಟ್ ಬಿಡುವುದೇ ಇಲ್ಲ. ಖಾತ್ರಿ ಆಗುವುದು 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್‌ಗಳಿಂದ. ಸಾಸಿವೆ ಕಾಳಿಗಿಂತ ಚಿಕ್ಕವು, ಬೆಲೆ ಪೈಸೆ ಲೆಕ್ಕ. ಆ ಪೈಸೆ ಉಳಿಸಲು ಅವನ್ನು ಬಿಟ್ಟು, ಬರೀ ಟೈಪ್-ಸಿ ಸಾಕೆಟ್ ಬೆಸುಗೆ ಹಾಕಿ ಮಾರುತ್ತಾರೆ. ಟ್ರಿಮ್ಮರ್, ಚಾರ್ಜಬಲ್ ಟಾರ್ಚ್, ಚಿಕ್ಕ ಫ್ಯಾನ್‌ಗಳಲ್ಲಿ ಈ ರೋಗ ಜಾಸ್ತಿ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ, ಟೈಪ್-ಸಿ ಸಾಕೆಟ್ ಒಳಗಿನ ಎರಡು ಪಿನ್‌ಗೆ ಸೇರಿಸಿ ಒಂದೇ ರೆಸಿಸ್ಟರ್ ಕೊಟ್ಟಿದ್ದರು. ಚಿಪ್ ಇರುವ ದುಬಾರಿ ಕೇಬಲ್ ಹಾಕಿದರೆ ಬೋರ್ಡ್ ಆನ್ ಆಗುತ್ತಿರಲಿಲ್ಲ, ಸಾದಾ ಕೇಬಲ್‌ಗೆ ಆಗುತ್ತಿತ್ತು! ಆಮೇಲೆ ಬೋರ್ಡ್ ಬದಲಿಸಿ ಸರಿಪಡಿಸಿದರು. ನೀನು ಹಳೆ ಎ-ಟು-ಸಿ ವಯರ್ (ಒಂದು ತುದಿ ಯುಎಸ್‌ಬಿ-ಎ, ಇನ್ನೊಂದು ಟೈಪ್-ಸಿ) ಒಂದನ್ನು ಎಸೆಯದೆ ಇಟ್ಟುಕೋ.

ಪ್ರಶ್ನೆ (ಬ್ಯಾಂಕ್ ಉದ್ಯೋಗಿ, ಮೈಸೂರು): ಯುರೋಪಿನಲ್ಲಿ ಕಾನೂನೇ ಮಾಡಿದ್ದಾರಲ್ಲ? ಆದರೂ ಕಂಪನಿಗಳು ತಮ್ಮದೇ ಚಾರ್ಜರ್ ಮಾಡುವುದು ಹೇಗೆ?

ಉತ್ತರ: ಅವರು ಮೊದಲು ಕಾನೂನು ಮಾಡಿರಲಿಲ್ಲ ಸರ್, ಒಪ್ಪಂದ ಮಾಡಿಕೊಂಡಿದ್ದರು. 2009ರಲ್ಲಿ 10 ಕಂಪನಿಗಳು (ಆಮೇಲೆ 14 ಆದವು) ಆಗಿನ ಫೋನ್‌ಗಳ ಮೈಕ್ರೋ-ಯುಎಸ್‌ಬಿ ಪಿನ್‌ಗೆ ಸಹಿ ಹಾಕಿದವು, ಆಪಲ್ ಕೂಡ. ಆದರೆ ಅಡಾಪ್ಟರ್ ಕೊಟ್ಟರೂ ನಡೆಯುತ್ತದೆ ಎಂಬ ಕಿಂಡಿ ಇತ್ತು. ಆಪಲ್ 2012ರಲ್ಲಿ ಲೈಟ್ನಿಂಗ್ ಎಂಬ ತನ್ನದೇ ಪಿನ್ ತಂದು ಆ ಕಿಂಡಿಯಲ್ಲೇ ಆರಾಮಾಗಿ ನುಸುಳಿತು. ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಪಾರ್ಲಿಮೆಂಟ್ 602–13 ಮತಗಳಿಂದ ಟೈಪ್-ಸಿ ಕಡ್ಡಾಯ ಮಾಡಿತು. ಫೋನ್, ಟ್ಯಾಬ್, ಕ್ಯಾಮೆರಾ, ಇಯರ್‌ಬಡ್ಸ್ ಮುಂತಾದವಕ್ಕೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪ್‌ಗೆ 2026ರ ಏಪ್ರಿಲ್ 28ರಿಂದ. ಗಡುವಿಗೆ ಮೊದಲೇ, 2023ರಲ್ಲಿ ಐಫೋನ್ 15ಕ್ಕೆ ಟೈಪ್-ಸಿ ಬಂತು.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಆ ಕಾನೂನು ಹಿಡಿದಿರುವುದು ಫೋನನ್ನು, ಚಾರ್ಜರನ್ನಲ್ಲ. 15 ವ್ಯಾಟ್‌ಗಿಂತ ಜಾಸ್ತಿ ಎಳೆಯುವ ಫೋನ್‌ಗೆ ಪಿಡಿ ಬರಲೇಬೇಕು. ಅದರ ಜೊತೆ ಸ್ವಂತ ಮಾತೂ ಇರಬಹುದು. ಚಾರ್ಜರಿಗೆ ಅಂತಲೇ ಯುರೋಪ್ 2025ರಲ್ಲಿ ಬೇರೆ ನಿಯಮ ತಂದಿದೆ, ಅದು ಜಾರಿಗೆ ಬರುವುದು 2028ರ ಕೊನೆಗೆ.

ನಮ್ಮಲ್ಲಿ 2022ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಕರೆದ ಸಭೆಯಲ್ಲಿ ಕಂಪನಿಗಳು ಟೈಪ್-ಸಿಗೆ ಒಪ್ಪಿದವು. ಆಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಟೈಪ್-ಸಿಗೆ ಐಎಸ್/ಐಇಸಿ 62680-1-3 ಎಂಬ ಮಾನಕ ಹೊರಡಿಸಿತು. ನನ್ನ ಕೇಳಿದರೆ, ಪಿನ್ನಿನ ಮಾನಕಕ್ಕಿಂತ ಅಡಾಪ್ಟರ್ ಮೇಲೆ 'ಪಿಡಿಯಲ್ಲಿ ಇಷ್ಟು ವ್ಯಾಟ್' ಅಂತ ದಪ್ಪ ಅಕ್ಷರದಲ್ಲಿ ಬರೆಸಿದ್ದರೆ ಜನಕ್ಕೆ ಜಾಸ್ತಿ ಉಪಯೋಗ ಆಗುತ್ತಿತ್ತು.

ಪ್ರಶ್ನೆ (ಅದೇ ಸರ್): ಟೈಪ್-ಸಿಗಿಂತ ಒಳ್ಳೆಯದು ನಾಳೆ ಬಂದರೆ? ಕಾನೂನು ಅಡ್ಡ ಬರಲ್ವಾ?

ಉತ್ತರ: ಆಪಲ್ ವಾದವೂ ಇದೇ ಆಗಿತ್ತು. ಪೂರ್ತಿ ತಳ್ಳಿಹಾಕುವ ಮಾತಲ್ಲ, ಮೈಕ್ರೋ-ಯುಎಸ್‌ಬಿಯನ್ನು ಆಗಲೇ ಕಾನೂನು ಮಾಡಿದ್ದರೆ ಟೈಪ್-ಸಿಗೆ ಕಷ್ಟ ಆಗುತ್ತಿತ್ತೇನೋ. ಆದರೆ 2014ರಲ್ಲಿ ಬಂದ ಇದೇ ಪಿನ್ನಿನಲ್ಲಿ ಮೊದಲು 100 ವ್ಯಾಟ್ ಹೋಗುತ್ತಿತ್ತು, 2021ರಿಂದ 240 ವ್ಯಾಟ್ ಹೋಗುತ್ತದೆ. ಪಿನ್ ಬದಲಿಸದೆ ಒಳಗಿನದನ್ನು ಬೆಳೆಸಿದರು. ಹಾಗಾಗಿ ನನಗೆ ಸದ್ಯಕ್ಕೆ ಆ ಭಯ ಇಲ್ಲ.

ಪ್ರಶ್ನೆ (ಆಟೋ ಚಾಲಕ, ಬೆಂಗಳೂರು): ಬಸ್ ಸ್ಟ್ಯಾಂಡ್ ಹತ್ರ ನೂರು ರೂಪಾಯಿಗೆ ಸಿಗೋ ಕೇಬಲ್ ತಗೋಬಹುದಾ ಸಾರ್? ನೋಡೋಕೆ ಒಂದೇ ಥರ ಇರುತ್ತೆ.

ಉತ್ತರ: ಬೆಲೆ ನೋಡಿ ಹೇಳೋಕೆ ಆಗುವುದಿಲ್ಲ ಗುರು, ದುಬಾರಿಯಲ್ಲೂ ಕಳಪೆ ಇವೆ. ಬೆನ್ಸನ್ ಲ್ಯೂಂಗ್ ಅಂತ ಗೂಗಲ್ ಎಂಜಿನಿಯರ್ 2015ರಿಂದ ಆನ್‌ಲೈನ್‌ನಲ್ಲಿ ಸಿಗುವ ಟೈಪ್-ಸಿ ಕೇಬಲ್ ತರಿಸಿ ಪರೀಕ್ಷೆ ಮಾಡುತ್ತಿದ್ದರು. ಒಂದು ಕೇಬಲ್‌ನಲ್ಲಿ ಒಳಗೆ ಪ್ಲಸ್ ಮತ್ತು ಗ್ರೌಂಡ್ ಅದಲುಬದಲು ಆಗಿತ್ತು. ಚುಚ್ಚಿದ ತಕ್ಷಣ ಅವರ ಲ್ಯಾಪ್‌ಟಾಪ್ ಕೆಟ್ಟಿತು.

ಸಿ-ಟು-ಸಿ ಕೇಬಲ್ ಸಾದಾ ಆದರೆ 3 ಆಂಪ್, ಅಂದರೆ 60 ವ್ಯಾಟ್‌ವರೆಗೆ. ಅದಕ್ಕೂ ಮೇಲೆ ಬೇಕಾದರೆ ಕೇಬಲ್ ತುದಿಯಲ್ಲಿ ಇ-ಮಾರ್ಕರ್ ಎಂಬ ಚಿಪ್ ಇರಬೇಕು. ಆ ಚಿಪ್ 'ನಾನು 5 ಆಂಪ್ ತಡೆಯುತ್ತೇನೆ' ಅಂತ ಹೇಳುತ್ತದೆ. ನಿಮ್ಮ ಫೋನ್‌ಗೆ ಅದೆಲ್ಲ ಬೇಡ. ಹೆಸರಿರುವ ಕಂಪನಿಯದ್ದು, ಬಿಲ್ ಕೊಡುವ ಅಂಗಡಿಯಲ್ಲಿ ತಗೊಳ್ಳಿ. ತುದಿ ಬಿಸಿಯಾದರೆ ಅಥವಾ ಅಲ್ಲಾಡಿಸಿದರೆ ಮಾತ್ರ ಚಾರ್ಜ್ ಹತ್ತಿದರೆ ಬಿಸಾಡಿ. ಅಡಾಪ್ಟರ್ ಮೇಲೆ ಬಿಐಎಸ್ ಗುರುತು, ಅದರ ಜೊತೆ 'ಆರ್' ಅಕ್ಷರದ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿ. ಯಾರ ಹೆಸರಿಗಿದೆ ಅಂತ ಬರುತ್ತದೆ. ಅಡಾಪ್ಟರ್ ಮೇಲಿನ ಬ್ರ್ಯಾಂಡ್‌ಗೂ ಅದಕ್ಕೂ ಸಂಬಂಧವೇ ಇಲ್ಲದಿದ್ದರೆ ನಕಲಿ ಅಂತ ಅನುಮಾನ ಪಡಿ.

ಪ್ರಶ್ನೆ (ಶಿಕ್ಷಕರು, ಚಿಕ್ಕಮಗಳೂರು): ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಗಂಟೆಗಟ್ಟಲೆ ಇರಲ್ಲ. ಟೈಪ್-ಸಿಯಿಂದ ಗುಂಡು ಪಿನ್‌ಗೆ ಬರುವ ಕೇಬಲ್ ಮಾರುತ್ತಾರಲ್ಲ, ಅದರಿಂದ ವೈಫೈ ರೂಟರನ್ನು ಪವರ್ ಬ್ಯಾಂಕ್‌ಗೆ ಹಾಕಬಹುದಾ?

ಉತ್ತರ: ಹಾಕಬಹುದು, ಆದರೆ ಜೋಪಾನ. ಆ ಕೇಬಲ್‌ನ ಒಳಗೆ ಒಂದು ಚಿಪ್ ಇರುತ್ತದೆ. ಅದು ಚಾರ್ಜರ್ ಹತ್ತಿರ ನಿಗದಿ ವೋಲ್ಟೇಜ್ ಕೇಳಿ ಪಡೆಯುತ್ತದೆ. 20 ವೋಲ್ಟ್‌ನದ್ದು ಲ್ಯಾಪ್‌ಟಾಪ್‌ಗೆ, 12 ವೋಲ್ಟ್‌ನದ್ದು ರೂಟರ್‌ಗೆ. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಬದಲಾದರೆ ರೂಟರ್ ಹೋಯಿತು ಅಂತಲೇ. ತಂದ ದಿನವೇ ಕೇಬಲ್‌ಗೆ ಟೇಪ್ ಸುತ್ತಿ ವೋಲ್ಟ್ ಬರೆದಿಡಿ.

ಇನ್ನೊಂದು ತೊಡಕಿದೆ. ಈಗಿನ ಪಿಡಿಯಲ್ಲಿ 12 ವೋಲ್ಟ್ ಕಡ್ಡಾಯ ಅಲ್ಲ. ಎಷ್ಟೋ ಪವರ್ ಬ್ಯಾಂಕ್‌ಗಳು 9 ಕೊಡುತ್ತವೆ, 15 ಕೊಡುತ್ತವೆ, ನಡುವಿನ 12 ಇರುವುದೇ ಇಲ್ಲ. ಕೊಳ್ಳುವ ಮುಂಚೆ ಅದರ ಔಟ್‌ಪುಟ್ ಸಾಲಿನಲ್ಲಿ 12 ವೋಲ್ಟ್ ಇದೆಯಾ ನೋಡಿ. ನಿಮ್ಮ ರೂಟರ್ ಅಡಾಪ್ಟರ್ ಎಷ್ಟು ಆಂಪ್‌ನದ್ದು ಅಂತ ಫೋಟೋ ಹಾಕಿ, ಯಾವುದು ಹೊಂದುತ್ತದೆ ಅಂತ ಹೇಳುತ್ತೇನೆ. ಕೆಲವು ರೂಟರ್‌ಗಳು 9 ವೋಲ್ಟ್‌ನವೂ ಇರುತ್ತವೆ, ಅದನ್ನೂ ನೋಡಿಕೊಳ್ಳಿ.