ಪದಚರ್ಚೆ: ‘ಎನಾಮೆಲ್ ಹೈಪೊಪ್ಲೇಸಿಯಾ’ಗೆ ಕನ್ನಡ ಪದ ಬೇಕು, ತುರ್ತು

ಮಕ್ಕಳ ಹಲ್ಲಿನ ಬಗ್ಗೆ ಒಂದು ಕರಪತ್ರ ಅನುವಾದಿಸುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಎನಾಮೆಲ್ ತೆಳುವಾಗಿಯೋ ಗುಳಿಬಿದ್ದೋ ಉಳಿದುಬಿಡುವುದಕ್ಕೆ ಏನನ್ನಲಿ? ‘ದಂತಕವಚದ ಅಲ್ಪವೃದ್ಧಿ’ ಎಂದು ಬರೆದು ಮನೆಯವರಿಗೆ ಓದಿ ಹೇಳಿದೆ. ಯಾರ ತಲೆಗೂ ಹೋಗಲಿಲ್ಲ. ‘ಹುಳುಕು’ ಅಂದರೆ ಸಾಕೇ?

— — —

ದಂತ ಯಾಕೆ ಬೇಕು? ಹಳಗನ್ನಡದ ‘ಪಲ್’ ಹಲ್ಲಾಗಿ ಇವತ್ತಿಗೂ ನಮ್ಮ ಬಾಯಲ್ಲೇ ಇದೆ. ದಂತ ಅಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಆನೆ. ಎನಾಮೆಲ್ ಕೂಡ ಬೇಡ. ‘ಹೊರಪದರ’ ಅನ್ನಿ, ಮುಗಿಯಿತು.

— — —

ಮುಗಿಯಲಿಲ್ಲ. ಎನಾಮೆಲ್ ಎಲ್ಲರಿಗೂ ಗೊತ್ತಿರುವ ಪದ. ಟೂತ್‌ಪೇಸ್ಟ್ ಜಾಹೀರಾತು ನೋಡಿದ ಮಗುವೂ ಹೇಳುತ್ತದೆ. ಅದನ್ನು ಓಡಿಸುವುದು ಸುಮ್ನೆ ಹಟ.

ನನ್ನ ತಕರಾರು ‘ಹುಳುಕು’ ಮೇಲೆ. ಆ ಪದದೊಳಗೆ ಹುಳು ಕೂತಿದೆ. ಹುಳುಕು ಅಂದ ತಕ್ಷಣ ಸಿಹಿ ತಿನ್ನಿಸಿದ್ದು ಯಾರು, ಹಲ್ಲುಜ್ಜಿಸದೆ ಬಿಟ್ಟಿದ್ದು ಯಾರು ಎಂದು ತಾಯಿಯನ್ನು ನೋಡುತ್ತಾರೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ, ಎಳವೆಯಲ್ಲಿ ಜೋರು ಜ್ವರ ಬಂದ ಮಗುವಿಗೆ ಎನಾಮೆಲ್ ಸರಿಯಾಗಿ ಕಟ್ಟದೆ ಹೋಗಬಹುದು. ಅದು ಯಾರ ತಪ್ಪೂ ಅಲ್ಲ. ಅಂಥ ಹಲ್ಲು ಬೇಗ ಹುಳುಕಾಗುತ್ತದೆ, ನಿಜ. ಆದರೆ ಅದು ಆಮೇಲಿನ ಮಾತು.

ಬಣ್ಣಕ್ಕೂ ಎರಡು ಮಾತು ಇಟ್ಟುಕೊಳ್ಳಿ. ಕಬ್ಬಿಣಾಂಶದ ಹನಿ ಕುಡಿದ ಮಗುವಿನ ಹಲ್ಲಿನ ಮೇಲೆ ಕಪ್ಪು ಕೂರುತ್ತದೆ. ಅದು ‘ಕರೆ’, ವೈದ್ಯರು ತೆಗೆಯಬಹುದು. ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್‌ನಿಂದ ಬರುವ ಹಳದಿ, ಕಂದು ಹಲ್ಲಿನ ಒಳಗೇ ಸೇರಿರುತ್ತದೆ. 8 ವರ್ಷದೊಳಗಿನ ಮಕ್ಕಳಿಗೆ ಆ ಔಷಧಿ ಸಾಮಾನ್ಯವಾಗಿ ಕೊಡದಿರುವುದು ಅದಕ್ಕೇ. ನನ್ನ ಮಗಳು ಕುರ್ಚಿಯಿಂದ ಬಿದ್ದ ಕೆಲವು ವಾರಕ್ಕೆ ಮುಂದಿನ ಹಾಲುಹಲ್ಲೊಂದು ಬೂದಿ ಬಣ್ಣಕ್ಕೆ ತಿರುಗಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಇಂಥದ್ದಕ್ಕೆ ಕರೆ ಅನ್ನಬೇಡಿ, ‘ಬಣ್ಣಗೆಟ್ಟ ಹಲ್ಲು’ ಅನ್ನಿ. ಕರೆ ಎಂದು ಓದಿದವರು ಬ್ರಷ್ ಹಿಡಿದು ಮಗುವಿನ ಒಸಡು ಕೆರೆಯುತ್ತಾರೆ.

— — —

ಜಾಹೀರಾತಿನವರು ಕಲಿಸಿದ್ದೆಲ್ಲ ಕನ್ನಡವಾಗುವುದಾದರೆ ಈ ಪದಚರ್ಚೆ ಯಾಕೆ? ನಾಳೆ ಹಲ್ಲಿಗೂ ಟೀತ್ ಅನ್ನಿ.

— — —

ಬಸ್ಸು, ಪೆನ್ನು ಬಂದಾಗ ಕನ್ನಡ ಸತ್ತಿತೇ? ಅರ್ಥವಾಗದ ಸಂಸ್ಕೃತ ತುರುಕಿದಾಗಲೇ ಜನ ಓದುವುದು ಬಿಟ್ಟಿದ್ದು.

— — —

ಇಬ್ಬರಿಗೂ ವಂದನೆ. ಶೀರ್ಷಿಕೆ ‘ಎನಾಮೆಲ್ ಸರಿಯಾಗಿ ಕಟ್ಟದ ಹಲ್ಲು’ ಎಂದು ಮಾಡಿದೆ. ಹುಳುಕನ್ನು ಬೇರೆ ಪುಟಕ್ಕೆ ಹಾಕಿದೆ. ಫ್ಲೋರೋಸಿಸ್‌ನ, ಅಂದರೆ ಹಲ್ಲು ಬೆಳೆಯುವಾಗ ಫ್ಲೋರೈಡ್ ಹೆಚ್ಚಾಗಿ ಬರುವ, ಬಿಳಿ ಮಚ್ಚೆಗೆ ‘ಬಣ್ಣಗೆಟ್ಟ’ ಹೊಂದುತ್ತದಾ? ರಾತ್ರಿಯೊಳಗೆ ಹೇಳಿ.